ಮುಷ್ಟಿ ಎಲ್ಲಿದೆ

ಜನವರಿ ೧೯, ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರವಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದಿದ್ದರೆ ಸರಿಯಾಗಿಯೇ ಬೈದಿದ್ದೀಯ. ಫೋನಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಹವೆ, ನಿನ್ನ ಮಂಡಿನೋವು, ನನ್ನ ನಲ್ಲಿಯ ಸೋರಿಕೆ, ಇಷ್ಟರಲ್ಲೇ ಮಾತು ಮುಗಿಸುತ್ತೇವೆ. ನಿಜವಾಗಿ ಹೇಳಬೇಕಾದದ್ದು ಇದ್ದರೆ ನಮಗೆ ಮೊದಲಿನಿಂದಲೂ ಕಾಗದವೇ ಆಗಬೇಕು.

ಮೊದಲು ನಿನ್ನ ಮಗಳ ಸುದ್ದಿ. ಮೊಂಡಿ ಚೆನ್ನಾಗಿದ್ದಾಳೆ. ಆ ಹೆಸರಿಟ್ಟವಳು ನೀನೇ, ಈಗ ಇಡೀ ಫ್ಲೈಯಿಂಗ್ ಕ್ಲಬ್ಬಿನವರು ಹಾಗೇ ಕರೆಯುತ್ತಾರೆ, ಅದಕ್ಕೆ ನನ್ನನ್ನು ಹೊಣೆ ಮಾಡಬೇಡ. ನನ್ನ ಹಿಂದಿನ ಕೋಣೆ ಈಗ ಅವಳದು. ಹಲ್ಲಿನ ಲ್ಯಾಬಿನ ಕೆಲಸ ಹಿಡಿಸಿದೆ. ದಿನವಿಡೀ ಯಾರ್ಯಾರದೋ ಬಾಯಿಗೆ ಹಲ್ಲುಸೆಟ್ಟು ಮಾಡಿ, ಸಂಜೆ ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಇಟ್ಟುಕೊಂಡು ಬರುತ್ತಾಳೆ. ಮೊನ್ನೆ ಒಂದು ಕೆಳದವಡೆಯನ್ನು ಊಟದ ಮೇಜಿನ ಮೇಲೆ ಮರೆತು ಹೋಗಿದ್ದಳು. ನಾನು ಕನ್ನಡಕವಿಲ್ಲದೆ ಉಪ್ಪಿನ ಬಟ್ಟಲಿಗೆ ಕೈಹಾಕಲು ಹೋಗಿ ಅದನ್ನು ಹಿಡಿದುಕೊಂಡೆ. ಕಿರುಚಲಿಲ್ಲ, ಆದರೆ ಆ ದಿನ ಊಟ ಸೇರಲಿಲ್ಲ.

ಈಗ ನೀನು ಬರೆದದ್ದಕ್ಕೆ ಬರುತ್ತೇನೆ. ಅವಳು ವಿಮಾನ ಹಾರಿಸುವುದನ್ನು ಕಲಿಯಲೇಬೇಕೆಂದು ಹಟ ಹಿಡಿದಿದ್ದಾಳೆ, ಬೇಡವೆಂದರೆ ಇನ್ನೆಲ್ಲೋ ಹೋಗಿ ಕಲಿಯುತ್ತಾಳೆ, ಕಲಿಯುವುದಾದರೆ ನಿನ್ನ ಕೈಯಲ್ಲೇ ಕಲಿಯಲಿ, ಆದರೆ ಬೀಳದ ಹಾಗೆ ಮಾಡಿ ಆಮೇಲೆ ಕಲಿಸು ಎಂದಿದ್ದೀಯ. ಓದಿದಾಗ ಮೊದಲು ನಗು ಬಂತು. ಬೀಳದ ವಿಮಾನ ಬೇಕಿದ್ದರೆ ಅದನ್ನು ಹ್ಯಾಂಗರಿನೊಳಗೆ ನಿಲ್ಲಿಸಿ ಬೀಗ ಹಾಕಬೇಕು. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ. ನೀನು ಯಾಕೆ ಹಾಗೆ ಬರೆದೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಭಾವ ಹೋದದ್ದು ಇದೇ ಮೈದಾನದಲ್ಲಿ, ಇಟ್ಟಿಗೆ ಗೂಡಿನ ಚಿಮಣಿಯ ಈಚೆ, ಇಳಿಯಲೆಂದು ತಿರುಗುವಾಗ. ಆಗ ಅವರೂ ನಾನೂ ಇಲ್ಲಿ ಒಟ್ಟಿಗೆ ಕಲಿಸುತ್ತಿದ್ದೆವು. ಮೊಂಡಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಹಾಗಾಗಿ ನಾನೊಂದು ಉಪಾಯ ಮಾಡಿದ್ದೇನೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಪಾಠ ಕೇಳಬೇಕು, ಮೂಗು ಮುರಿಯಬೇಡ.

ಚಿಕ್ಕವರಿದ್ದಾಗ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ ಬೈಸಿಕೊಳ್ಳುತ್ತಿದ್ದೆವಲ್ಲ. ಅಂಗೈ ಸ್ವಲ್ಪ ಓರೆ ಮಾಡಿದರೆ ಗಾಳಿ ಅದನ್ನು ಮೇಲೆತ್ತುತ್ತದೆ. ಇನ್ನೂ ಓರೆ ಮಾಡಿದರೆ ಇನ್ನೂ ಎತ್ತುತ್ತದೆ. ತೀರ ಓರೆ ಮಾಡಿದೆಯೋ, ಎತ್ತುವುದು ನಿಂತುಹೋಗಿ ಕೈ ಸುಮ್ಮನೆ ಹಿಂದಕ್ಕೆ ಹೋಗುತ್ತದೆ. ರೆಕ್ಕೆಯೂ ಅಷ್ಟೆ. ಗಾಳಿ ರೆಕ್ಕೆಯನ್ನು ಕೈಬಿಡುವ ಆ ಹಂತವನ್ನು ನಾವು ಸ್ಟಾಲ್ ಎನ್ನುತ್ತೇವೆ. ಎಂಜಿನ್ ಜೋರಾಗಿ ಓಡುತ್ತಿದ್ದಾಗಲೂ ಅದು ಆಗಬಹುದು. ನಿಧಾನವಾಗಿ ಹೋದರೆ ಮಾತ್ರ ಆಗುತ್ತದೆ ಎನ್ನುವುದು ಅರ್ಧ ನಿಜ. ಎಲ್ಲವೂ ನಿಂತಿರುವುದು ಆ ಓರೆಯ ಮೇಲೆ. ಓರೆ ಎಷ್ಟು ಎಂದು ನಿರ್ಧರಿಸುವುದು ಬಾಲದಲ್ಲಿ ಮೇಲೆ ಕೆಳಗೆ ಆಡುವ ಒಂದು ಹಲಗೆ. ಎಲಿವೇಟರ್ ಎಂದು ಅದರ ಹೆಸರು, ಮಹಡಿಗೆ ಒಯ್ಯುವ ಲಿಫ್ಟ್ ಅಲ್ಲ. ಅದನ್ನು ಆಡಿಸುವುದು ನಮ್ಮ ಕೈಯಲ್ಲಿರುವ ಸ್ಟಿಕ್. ಸ್ಟಿಕ್ ಹಿಂದಕ್ಕೆಳೆದರೆ ಹಲಗೆ ಮೇಲೇಳುತ್ತದೆ, ಬಾಲ ತಗ್ಗುತ್ತದೆ, ಮೂಗು ಏಳುತ್ತದೆ, ರೆಕ್ಕೆ ಓರೆಯಾಗುತ್ತದೆ. ಅತಿಯಾಗಿ ಎಳೆದರೆ ಗಾಳಿ ಕೈಬಿಡುತ್ತದೆ.

ಅದಕ್ಕೇ ನಾನು ಕಲಿಯುವವರಿಗೆ ವೇಗದ ಮುಳ್ಳು ನೋಡು ಎಂದು ಹೇಳುವುದು ಕಡಿಮೆ. "ಮುಷ್ಟಿ ಎಲ್ಲಿದೆ?" ಎಂದು ಕೇಳುತ್ತೇನೆ. ಸ್ಟಿಕ್ ಹಿಡಿದ ಮುಷ್ಟಿಗೂ ಹೊಟ್ಟೆಗೂ ನಡುವೆ ಎಷ್ಟು ಬೆರಳು ಜಾಗವಿದೆ ಎಂದು ಅವರು ಹೇಳಬೇಕು. ನಾಲ್ಕು ಬೆರಳಿಗೆ ಬಂತೆಂದರೆ ನಮ್ಮ ಹಳೆಯ ವಿಮಾನದ ರೆಕ್ಕೆ ಕೈಬಿಡುತ್ತದೆ, ಮೂಗು ಎತ್ತ ನೋಡುತ್ತಿದ್ದರೂ ಸರಿ. ನಮ್ಮಲ್ಲೊಬ್ಬ ಬ್ಯಾಂಕ್ ಮ್ಯಾನೇಜರ್ ಕಲಿಯುತ್ತಿದ್ದಾರೆ, ಅವರ ಹೊಟ್ಟೆಗೆ ಈ ಲೆಕ್ಕ ಕೂಡುವುದಿಲ್ಲ. ಅವರಿಗೆ ಸೀಟಿನ ಅಂಚಿನಿಂದ ಅಳೆಯಲು ಹೇಳಿದ್ದೇನೆ, ಅದಕ್ಕೆ ಅವರಿಗೆ ಸಿಟ್ಟು.

ಉಪಾಯ ಏನೆಂದರೆ, ಬಾಲದ ಹಲಗೆ ಎಷ್ಟು ಮೇಲೇಳಬೇಕು ಎಂಬುದಕ್ಕೆ ಒಂದು ತಡೆ ಬೋಲ್ಟ್ ಇರುತ್ತದೆ. ಅದನ್ನು ತಿರುಗಿಸಿ ಹಲಗೆ ಪೂರ್ತಿ ಏಳದ ಹಾಗೆ ಮಾಡಿದರೆ ಸ್ಟಿಕ್ ಪೂರ್ತಿ ಹಿಂದೆ ಬರುವುದೇ ಇಲ್ಲ. ನಮ್ಮ ಮೆಕ್ಯಾನಿಕ್‌ಗೆ ಹಾಗೆ ಮಾಡಲು ಹೇಳಿದೆ. ನಾವು ಅವರನ್ನು ಗೊಣಗಣ್ಣ ಎನ್ನುವುದು, ಯಾಕೆಂದು ನೀನೇ ನೋಡು.

"ಚೆನ್ನಾಗಿರೋದನ್ನ ಯಾಕೆ ಮೇಡಂ ಕೆಡಿಸೋದು?" ಅಂದರು.

"ಕೆಡಿಸೋದಲ್ಲ. ಕೈಪಿಡೀಲಿ ಇಷ್ಟರಿಂದ ಇಷ್ಟರವರೆಗೆ ಅಂತ ಇದೆ. ಕಡಿಮೆ ಕಡೆಗೆ ಇಡಿ ಅಂತಿದೀನಿ, ಅಷ್ಟೆ."

"ಕೈಪಿಡೀಲಿ ಬಹಳ ಇದೆ. ಹಾರೋಕೆ ಮುಂಚೆ ಗಾಜು ಒರೆಸಿ ಅಂತಾನೂ ಇದೆ. ಯಾರು ಒರೆಸ್ತಾರೆ? ನಾನೇ ಒರೆಸ್ಬೇಕು."

ಗೊಣಗುತ್ತಲೇ ತಿರುಗಿಸಿದರು. ಈಗ ಸ್ಟಿಕ್ ಆರು ಬೆರಳಿಗೆ ಬಂದು ನಿಲ್ಲುತ್ತದೆ. ನಾನೂ ಮೊಂಡಿಯೂ ಮೇಲೆ ಹೋಗಿ ನೋಡಿದೆವು. ಅವಳು ಎಷ್ಟೇ ಎಳೆದರೂ ವಿಮಾನ ತೂಕಡಿಸುವವರ ಹಾಗೆ ತಲೆಯಾಡಿಸುತ್ತಾ ಮೆಲ್ಲಗೆ ತಗ್ಗಿತೇ ಹೊರತು ಬೀಳಲಿಲ್ಲ. ಬೋಲ್ಟಿನ ವಿಷಯ ಅವಳಿಗೆ ಹೇಳಿಲ್ಲ. ಅಂತೂ ನೀನು ಕೇಳಿದ್ದನ್ನು ಮಾಡಿದ್ದೇನೆ, ನಿಶ್ಚಿಂತೆಯಾಗಿರು.

ಇನ್ನೊಂದು ಮಾತು ನೀನು ಬರೆದಿದ್ದೆ. ಎಂಜಿನ್ ನಿಂತು ಅಪ್ಪ ಹೋದರು ಎಂದು ಅವಳಿಗೆ ಹೇಳಿ ಬೆಳೆಸಿದ್ದೀಯ, ಹಾಗೇ ಇರಲಿ ಎಂದು. ಅವಳು ನನ್ನನ್ನು ಇನ್ನೂ ಏನೂ ಕೇಳಿಲ್ಲ. ನಾನಾಗಿ ಬಾಯಿ ಬಿಡುವುದಿಲ್ಲ.

ನಿನ್ನ ಹೊಲಿಗೆ ಅಂಗಡಿಯಲ್ಲಿ ಸಂಕ್ರಾಂತಿಯ ಗಲಾಟೆ ಮುಗಿಯಿತೇ? ಕಣ್ಣು ತೋರಿಸಿಕೊ. ಬರೆಯುತ್ತಿರು.

ನಿನ್ನ ತಂಗಿ


ಫೆಬ್ರವರಿ ೨೩, ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ಈ ಸಲ ನಿನ್ನ ಉತ್ತರಕ್ಕೂ ಕಾಯದೆ ಬರೆಯುತ್ತಿದ್ದೇನೆಂದರೆ ಏನೋ ಎಡವಟ್ಟಾಗಿದೆ ಎಂದು ಊಹಿಸಿರುತ್ತೀಯ. ಯಾರಿಗೂ ಏನೂ ಆಗಿಲ್ಲ. ಇದನ್ನು ಮೊದಲು ಓದಿಕೊಂಡು, ಆಮೇಲೆ ಕೂತು ಉಳಿದದ್ದು ಓದು.

ಮೊಂಡಿ ಚೆನ್ನಾಗಿ ಕಲಿತಳು. ನಿನ್ನ ಮಗಳು ಎಂದು ಹೇಳುತ್ತಿಲ್ಲ, ಮುಖಸ್ತುತಿ ನನಗೆ ಬರುವುದಿಲ್ಲವೆಂದು ನಿನಗೆ ಗೊತ್ತು. ಹಲ್ಲು ತೀಡುವ ಕೈ, ಹಗುರವಾಗಿ ಹಿಡಿಯುತ್ತಾಳೆ. ಒಂದೇ ತೊಂದರೆ, ಇಳಿಯುವುದು. ನೆಲ ಮುಟ್ಟುವ ಮೊದಲು ಮೂಗನ್ನು ಎತ್ತಿ ಹಿಡಿದು, ಹಿಂದಿನ ಎರಡು ಗಾಲಿ ಮೊದಲು ತಾಗುವಂತೆ ಮಾಡಬೇಕು. ಅವಳು ಪ್ರತಿ ಸಲ ಮುಂಗಾಲಿಯ ಮೇಲೇ ಧಪ್ಪೆಂದು ಬೀಳುತ್ತಿದ್ದಳು. "ಎಳಿ, ಇನ್ನೂ ಎಳಿ" ಎಂದು ನಾನು, "ಇನ್ನೆಲ್ಲಿ ಎಳೀಲಿ, ಬರ್ತಾನೇ ಇಲ್ಲ" ಎಂದು ಅವಳು. ಬರುತ್ತಿರಲಿಲ್ಲ, ನಿಜ. ಸ್ಟಿಕ್ಕಿಗೆ ಅಡ್ಡ ಹಾಕಿದವಳು ನಾನೇ. ಬೀಳದಿರಲೆಂದು ಬಿಗಿ ಮಾಡಿದ್ದು ಇಳಿಯುವುದಕ್ಕೂ ಅಡ್ಡಿಯಾಯಿತು. ಗೊಣಗಣ್ಣ ಮುಂಗಾಲಿಯನ್ನು ಹಿಡಿದಿರುವ ಫೋರ್ಕ್ ಎರಡು ಸಲ ಬದಲಾಯಿಸಿದರು, ಎರಡು ಸಲವೂ ನನಗೆ ಕೇಳಿಸುವಷ್ಟು ದೂರದಲ್ಲೇ ಗೊಣಗಿದರು.

ಅದೂ ಹೋಗಲಿ. ಒಬ್ಬರನ್ನು ಮೊದಲ ಸಲ ಒಂಟಿಯಾಗಿ ಕಳಿಸುವ ಮೊದಲು, ಅದೇ ವಿಮಾನದಲ್ಲಿ, ಅಷ್ಟೇ ಪೆಟ್ರೋಲಿನೊಂದಿಗೆ ನಾನು ಒಬ್ಬಳೇ ಒಂದು ಸುತ್ತು ಹೋಗಿ ಬರುವುದು ನನ್ನ ಪದ್ಧತಿ. ಕಲಿಯುವವರು ಕೂರುವ ಎಡ ಸೀಟಿನಲ್ಲೇ ಕೂರುತ್ತೇನೆ. ಕ್ಲಬ್ಬಿನ ಹೊಸಬರು ಇದನ್ನು ಅಜ್ಜಿಯ ಮಡಿ ಎಂದು ಹಾಸ್ಯ ಮಾಡುತ್ತಾರೆ, ಮಾಡಿಕೊಳ್ಳಲಿ. ಗುರುವಾರ ಹಾಗೆ ಹೋದೆ. ಸಾಕಷ್ಟು ಮೇಲೇರಿ, ಸುಮ್ಮನೆ ನೋಡೋಣವೆಂದು ಸ್ಟಿಕ್ ಎಳೆದೆ. ಆರು ಬೆರಳಿಗೆ ಬಂದು ಬೋಲ್ಟಿಗೆ ತಾಗಿ ನಿಂತಿತು. ಅದು ನಿಂತ ಕೂಡಲೇ ಮೂಗು ಬಿತ್ತು, ಎಡ ರೆಕ್ಕೆ ಕುಸಿಯಿತು.

ನಾನು ಹೆದರಿದೆ, ಅಕ್ಕ. ಸ್ಟಾಲ್ ಆದದ್ದಕ್ಕಲ್ಲ, ಅದನ್ನು ದಿನಕ್ಕೆ ಹತ್ತು ಸಲ ಮಾಡುವವಳು ನಾನು. ನಾಲ್ಕು ಬೆರಳಿಗೆ ಆಗಬೇಕಾದದ್ದು ಆರು ಬೆರಳಿಗೇ ಆಯಿತಲ್ಲ, ಅದಕ್ಕೆ.

ಕಾರಣ ಕಷ್ಟದ್ದೇನಲ್ಲ, ಕಲಿಸುವವಳಿಗೆ ಹೊಳೆಯದೇ ಹೋದದ್ದೇ ಅವಮಾನ. ಈ ವಿಮಾನದ ಎರಡೂ ಸೀಟು ಅಕ್ಕಪಕ್ಕ, ಎರಡೂ ತೂಕದ ನಡುಬಿಂದುವಿಗಿಂತ ಮುಂದೆ ಇವೆ. ಇಬ್ಬರು ಕೂತರೆ ಮೂಗು ಭಾರ. ಭಾರದ ಮೂಗನ್ನು ಅಷ್ಟು ಎತ್ತಬೇಕಾದರೆ ಸ್ಟಿಕ್ ಹೆಚ್ಚು ಎಳೆಯಬೇಕು, ನಾಲ್ಕು ಬೆರಳಿಗೆ ತರಬೇಕು. ಒಬ್ಬರೇ ಕೂತರೆ ಮೂಗು ಹಗುರ, ಆರು ಬೆರಳಿಗೇ ಅಷ್ಟು ಎತ್ತಿಬಿಡುತ್ತದೆ. ನಾನು ಬೋಲ್ಟ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿದ್ದು ಇಬ್ಬರಿದ್ದಾಗ. ಅಂದರೆ ನಾನು ಪಕ್ಕದಲ್ಲಿ ಕೂತಿರುವಷ್ಟು ಹೊತ್ತು ಮಾತ್ರ ಅದು ಬೀಳದ ವಿಮಾನ. ನಾನು ಇಳಿದು ಬಾಗಿಲು ಹಾಕಿದ ಮೇಲೆ ಮಾಮೂಲಿ ವಿಮಾನ, ಒಳಗೆ ಬೀಳುವುದು ಹೇಗಿರುತ್ತದೆಂದೇ ಗೊತ್ತಿಲ್ಲದ ಹುಡುಗಿ. ಶನಿವಾರ ಅವಳನ್ನು ಒಬ್ಬಳನ್ನೇ ಕಳಿಸಬೇಕೆಂದಿದ್ದೆ.

ಇಳಿದು ಬಂದು ಗೊಣಗಣ್ಣನಿಗೆ, ಬೋಲ್ಟ್ ಮೊದಲಿನ ಜಾಗಕ್ಕೆ ತನ್ನಿ ಎಂದೆ. ಅವರು ಸ್ಪ್ಯಾನರ್ ತೆಗೆದುಕೊಂಡು ಹೋದರು, ಒಂದು ಮಾತೂ ಆಡಲಿಲ್ಲ. ಅದು ಗೊಣಗಿದ್ದಕ್ಕಿಂತ ಕಷ್ಟವಾಗಿತ್ತು.

ಮೊಂಡಿಗೆ ಬೋಲ್ಟಿನ ವಿಷಯ ಎಲ್ಲವನ್ನೂ ಹೇಳಿದೆ. ಹೇಳದೆ ಮುಂದಿನ ಪಾಠ ಮಾಡುವ ಹಾಗಿರಲಿಲ್ಲ. ಹ್ಯಾಂಗರಿನ ಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಳು, ಕಟ್ಟುವುದನ್ನು ಅಲ್ಲಿಗೇ ಬಿಟ್ಟಳು.

"ಅಂದ್ರೆ ಇಷ್ಟು ದಿನ ನನಗೆ ಆಟದ ಸಾಮಾನು ಕೊಟ್ಟು ಕೂರಿಸಿದ್ದೆ."

"ಹಾಗಲ್ಲ."

"ಮತ್ತೆ ಹೇಗೆ? ಪ್ರತಿ ಸಲ ಧಪ್ ಅಂತ ಇಳಿದಾಗ, ನನ್ನ ಕೈ ಸರಿಯಿಲ್ಲ ಅಂದ್ಕೊಂಡಿದ್ದೆ ಚಿಕ್ಕಮ್ಮ. ಮನೆಗೆ ಬಂದು ಅತ್ತಿದೀನಿ. ಯಾರ ಐಡಿಯಾ ಇದು, ನಿಂದಾ ಅಮ್ಮಂದಾ?"

"ನಂದೇ," ಎಂದೆ. ಬೋಲ್ಟ್ ತಿರುಗಿಸಿದ್ದು ನನ್ನ ನಿರ್ಧಾರವೇ ತಾನೆ. ಅವಳು ನಂಬಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು, ಮೂರನೆಯ ದಿನ ಬಂದು, "ಸರಿ, ಬೀಳೋದು ಯಾವಾಗ ಕಲಿಸ್ತೀಯ?" ಎಂದು ಕೇಳಿದಳು.

ನಾನು ಬರೆಯುತ್ತಿರುವುದು ಅದಕ್ಕೇ. ಈಗ ಅವಳಿಗೆ ಬೀಳುವುದನ್ನು ಕಲಿಸಬೇಕು. ಮೇಲೆ ಹೋಗಿ, ಬೇಕೆಂದೇ ಎಳೆದು, ರೆಕ್ಕೆ ಕೈಬಿಡುವುದನ್ನು ಅವಳು ತನ್ನ ಕೈಯಲ್ಲಿ ಕಾಣಬೇಕು. ಆಗ ಸ್ಟಿಕ್ಕನ್ನು ಮುಂದಕ್ಕೆ ಬಿಡಬೇಕು, ಎಳೆಯಬಾರದು. ಅದನ್ನು ಕಲಿಯದವಳನ್ನು ನಾನು ಒಂಟಿಯಾಗಿ ಕಳಿಸುವುದಿಲ್ಲ. ನಿನಗೆ ಗೊತ್ತಿಲ್ಲದ ಹಾಗೆ ಕಲಿಸುವುದೂ ಇಲ್ಲ. ಬೇಡವೆಂದರೆ ಬೇಡವೆಂದು ಬರಿ, ಅವಳ ಪಾಠ ಇಲ್ಲಿಗೆ ನಿಲ್ಲಿಸುತ್ತೇನೆ, ಅವಳ ಸಿಟ್ಟನ್ನು ನಾನೇ ಉಣ್ಣುತ್ತೇನೆ. ಆದರೆ ಅರ್ಧಂಬರ್ಧ ಕಲಿಸು ಎಂದು ಮಾತ್ರ ಇನ್ನೊಮ್ಮೆ ಕೇಳಬೇಡ. ಅವಳನ್ನು ಪೂರ್ತಿ ಕಾಯುವುದಕ್ಕೆ ನಿನ್ನಿಂದಲೂ ಆಗದು, ನನ್ನಿಂದಲೂ ಆಗದು.

ಒರಟಾಗಿ ಬರೆದಿದ್ದರೆ ಕ್ಷಮಿಸು. ಉತ್ತರ ಬರುವವರೆಗೆ ಅವಳು ನೆಲದ ಮೇಲಿರುತ್ತಾಳೆ.

ನಿನ್ನ ತಂಗಿ


ಮಾರ್ಚ್ ೧೬, ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಉತ್ತರ ಬಂತು. ಇಡೀ ಹಾಳೆಯಲ್ಲಿ "ನಿನ್ನಿಷ್ಟ" ಎಂಬ ಒಂದೇ ಮಾತು. ಚಿಕ್ಕಂದಿನಿಂದ ನನಗೆ ಈ ಪದದ ಭಯ. ನಿನ್ನ ಹೊಸ ಲಂಗ ಹಾಕಿಕೊಳ್ಳಲೇ ಎಂದು ನಾನು ಕೇಳಿದಾಗಲೂ ನೀನು ಇದನ್ನೇ ಹೇಳುತ್ತಿದ್ದೆ, ಹಾಕಿಕೊಂಡರೆ ಒಂದು ವಾರ ಮಾತು ಬಿಡುತ್ತಿದ್ದೆ. ಎರಡು ದಿನ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡಿದೆ. ಬೇಡ ಎಂದು ಬರೆಯಬಹುದಿತ್ತು, ನೀನು ಬರೆದಿಲ್ಲ. ಅಷ್ಟನ್ನೇ ಹಿಡಿದುಕೊಂಡು ಮುಂದುವರಿದೆ.

ಕಲಿಸಿದೆ. ಅದನ್ನು ನಡೆದ ಹಾಗೇ ಹೇಳುತ್ತೇನೆ, ಬಣ್ಣ ಕಟ್ಟುವುದಿಲ್ಲ.

ಚೆನ್ನಾಗಿ ಮೇಲೇರಿ, ಕೆಳಗೆ ಯಾರೂ ಇಲ್ಲವೆಂದು ಸುತ್ತ ನೋಡಿ, ಎಳಿ ಎಂದೆ. ಎಳೆದಳು. ಮೂಗು ಏಳುತ್ತಾ ಹೋಯಿತು, ಗಾಳಿಯ ಸದ್ದು ಇಳಿಯಿತು, ಸೀಟಿನ ಕೆಳಗೆ ಸಣ್ಣ ನಡುಕ ಶುರುವಾಯಿತು. ಆಮೇಲೆ ಮೂಗು ಬಿತ್ತು, ಗಾಜಿನ ತುಂಬ ಉತ್ತ ಹೊಲ ಬಂತು. ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಇನ್ನಷ್ಟು ಎಳೆದಳು.

"ಮುಷ್ಟಿ ಎಲ್ಲಿದೆ?" ಎಂದೆ.

"ಬೀಳ್ತಿದೀವಿ ಚಿಕ್ಕಮ್ಮ."

"ಗೊತ್ತು. ಮುಷ್ಟಿ ಎಲ್ಲಿದೆ?"

ಅವಳು ತಲೆ ಬಗ್ಗಿಸಿ ನೋಡಿಕೊಂಡಳು. ಮುಷ್ಟಿ ಹೊಟ್ಟೆಗೆ ಒತ್ತಿಕೊಂಡಿತ್ತು. ತನ್ನದಲ್ಲದ ಕೈಯನ್ನು ನೋಡುವವಳ ಹಾಗೆ ನೋಡಿ, ಮುಂದಕ್ಕೆ ಬಿಟ್ಟಳು. ರೆಕ್ಕೆ ಗಾಳಿ ಹಿಡಿಯಿತು, ವಿಮಾನ ಹಾರತೊಡಗಿತು. ಅಷ್ಟೆ. ಆ ದಿನ ಏಳೆಂಟು ಸಲ ಮಾಡಿಸಿದೆ. ಕೊನೆಯ ಸಲ ನಾನು ಕೇಳುವ ಮೊದಲೇ ಬಿಟ್ಟಳು.

ಇಳಿದ ಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ರೆಕ್ಕೆಯ ಮುಂದಿನ ಅಂಚಿಗೆ ಅಂಟಿದ್ದ ಹುಳುಗಳನ್ನು ಒರೆಸುತ್ತಾ ನಿಂತಳು. ತುಂಬ ಹೊತ್ತು ಒಂದೇ ಜಾಗ ಒರೆಸಿದಳು. ನಾನು ಇನ್ನೊಂದು ರೆಕ್ಕೆ ಒರೆಸುತ್ತಿದ್ದೆ.

"ಅಪ್ಪ ಎಳೆದ್ರಾ?" ಎಂದಳು. ತಲೆ ಎತ್ತಲಿಲ್ಲ.

"ಹೂಂ."

"ಎಂಜಿನ್?"

"ಓಡ್ತಾ ಇತ್ತು."

ನೀನು ಹೇಳಬೇಡವೆಂದಿದ್ದೆ. ಕೇಳದಿದ್ದರೆ ಹೇಳುತ್ತಿರಲಿಲ್ಲ, ಅಕ್ಕ. ಈಗಷ್ಟೇ ಆ ಬೀಳುವಿಕೆಯನ್ನು ತನ್ನ ಕೈಯಲ್ಲಿ ಕಂಡು ಬಂದವಳು ಕೇಳಿದಾಗ ನನ್ನ ಬಾಯಿಗೆ ಸುಳ್ಳು ಬರಲಿಲ್ಲ. ಅವಳು ಅಳಲಿಲ್ಲ. ಬಟ್ಟೆ ಹಿಂಡಿದಳು, ಬಕೆಟ್ಟಿನ ನೀರು ಚೆಲ್ಲಿ ಬಂದಳು. ಆಮೇಲೆ, "ಅಮ್ಮಂಗೆ ಗೊತ್ತಾ?" ಎಂದಳು. ಗೊತ್ತು ಎಂದೆ. "ಪಾಪ, ಒಬ್ಬಳೇ ಇಟ್ಕೊಂಡಿದಾಳೆ," ಎಂದಳು. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದರೆ ನಾನು ಮುಚ್ಚಿಡದೆ ಬರೆಯುತ್ತಿದ್ದೆ.

ನಿನ್ನೆ ಬೆಳಿಗ್ಗೆ ಅವಳನ್ನು ಒಬ್ಬಳೇ ಕಳಿಸಿದೆ. ಗಾಳಿ ಮೆಲ್ಲಗಿತ್ತು. ಎಂದಿನಂತೆ ನಾನು ಮೊದಲು ಒಬ್ಬಳೇ ಒಂದು ಸುತ್ತು ಹೋಗಿ ಬಂದೆ, ಒಂಟಿಯಾದಾಗ ಸ್ಟಿಕ್ ಎಲ್ಲಿ ಬಂದರೆ ರೆಕ್ಕೆ ಬಿಡುತ್ತದೆಂದು ಅವಳಿಗೆ ಬೆರಳಿಟ್ಟು ತೋರಿಸಿದೆ. ಆಮೇಲೆ ಇಳಿದು ಬಾಗಿಲು ಹಾಕಿದೆ. ಎಷ್ಟು ಜನರನ್ನು ಹೀಗೆ ಕಳಿಸಿದ್ದೇನೋ ಲೆಕ್ಕವಿಟ್ಟಿಲ್ಲ, ಕಳಿಸಿ ಹೋಗಿ ಚಹಾ ಕುಡಿಯುತ್ತಿದ್ದೆ. ನಿನ್ನೆ ಕುಡಿಯಲಾಗಲಿಲ್ಲ. ಅವಳು ಚಿಮಣಿಯ ಹತ್ತಿರ ತಿರುಗುವಾಗ ನನಗೆ ಭಯವಾಯಿತು. ಮೈದಾನದ ಅಂಚಿನಲ್ಲಿ ನಿಂತು ನನ್ನ ಕೈ ನನಗೇ ತಿಳಿಯದೆ ಮುಂದಕ್ಕೆ ತಳ್ಳುತ್ತಿತ್ತು, ಖಾಲಿ ಗಾಳಿಯನ್ನು. ಗೊಣಗಣ್ಣ ಅದನ್ನು ನೋಡಿ, "ಅವಳಿಗೆ ಗೊತ್ತು ಬಿಡಿ ಮೇಡಂ," ಎಂದರು. ಅವರ ಬಾಯಿಂದ ಗೊಣಗಾಟವಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು.

ಅವಳು ಮೂಗು ಎತ್ತಿ ಹಿಡಿದು, ಹಿಂದಿನ ಗಾಲಿಗಳ ಮೇಲೆ ನವಿರಾಗಿ ಇಳಿದಳು. ಮುಂಗಾಲಿ ಆಮೇಲೆ, ತಾನಾಗಿ ನೆಲಕ್ಕೆ ಬಂತು. ಬ್ಯಾಂಕ್ ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಅವಳು ಇಳಿದು ಬಂದು ಮೊದಲು ಹೇಳಿದ್ದು, "ಅಮ್ಮಂಗೆ ನಾನೇ ಹೇಳ್ತೀನಿ, ನೀನು ಮುಂಚೆ ಹೇಳ್ಬೇಡ," ಎಂದು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವಳ ಫೋನು ಬಂದಿರುತ್ತದೆ, ಬಂದಿಲ್ಲವಾದರೆ ಏನೂ ಗೊತ್ತಿಲ್ಲದವಳ ಹಾಗೆ ಇದ್ದು ಅವಳನ್ನು ಮಾತಾಡಲು ಬಿಡು. ಅಪ್ಪನ ಮಾತು ಎತ್ತಿದರೆ ಫೋನ್ ಇಡಬೇಡ.

ಅವಳಿಗೆ ನಿನ್ನ ಆಶೀರ್ವಾದವಿರಲಿ. ನನಗೂ ಸ್ವಲ್ಪ ಉಳಿಸು. ನಿನ್ನ ಕಣ್ಣು, ನಿನ್ನ ಮಂಡಿ, ಎರಡೂ ಗುಣವಾಗಲಿ. ಬೇಸಿಗೆಯಲ್ಲಿ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ ಬಂದರೆ ಹಿಂದಿನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸುತ್ತೇನೆ. ಹಲ್ಲುಗಳನ್ನೆಲ್ಲ ತೆಗೆಸಿಡುತ್ತೇನೆ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಭಾವನ ಅಪಘಾತದ ತನಿಖೆಯವರು ಬಂದು ಹೋದ ದಿನ, ಅಡುಗೆಮನೆಯಲ್ಲಿ ನೀನು ನನ್ನನ್ನು ಕೇಳಿದೆ, "ತಪ್ಪು ಅವರದಾ?" ಎಂದು. ನಾನು ಕಂಡದ್ದನ್ನು ಹೇಳತೊಡಗಿದೆ. "ಸ್ಟಿಕ್ ಎಳೆದ್ರು ಅಕ್ಕ," ಎಂದೆ. ನೀನು ಅಷ್ಟು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ನೀನು ಈ ಊರಿಗೆ ಬರಲಿಲ್ಲ, ಭಾವನ ಮಾತು ಎತ್ತಲಿಲ್ಲ. ಅವರ ಜೊತೆ ನನ್ನ ಅಕ್ಕನೂ ಹೋದಳು, ಅದು ನನಗೆ ಈಗಲೂ ನೋಯುತ್ತದೆ. ಆ ದಿನ ನನ್ನ ಮಾತು ಅರ್ಧವಾಗಿತ್ತು. ಉಳಿದರ್ಧ ಇದು. ಅಷ್ಟು ಕೆಳಗೆ, ನೆಲ ಎದ್ದು ಮುಖಕ್ಕೆ ಬರುವಾಗ, ಯಾರ ಕೈಯೂ ಮುಂದಕ್ಕೆ ಹೋಗುವುದಿಲ್ಲ. ಮುಂದೆ ಎಂದರೆ ನೆಲ, ಹಿಂದೆ ಎಂದರೆ ಆಕಾಶ. ಕೈಗೆ ಅಷ್ಟೇ ಗೊತ್ತು. ನಾನಾಗಿದ್ದರೂ ಎಳೆಯುತ್ತಿದ್ದೆ. ಬಾಲದ ಹಲಗೆ ಕೊನೆಯವರೆಗೂ ಪೂರ್ತಿ ಮೇಲೆದ್ದಿತ್ತು, ನಾನು ಮೈದಾನದಲ್ಲಿ ನಿಂತು ನೋಡುತ್ತಲೇ ಇದ್ದೆ, ಅವರು ಒಂದು ಕ್ಷಣವೂ ಕೈ ಸಡಿಲ ಬಿಡಲಿಲ್ಲ. ನೀನು ಅದಕ್ಕೆ ತಪ್ಪು ಎಂದು ಹೆಸರಿಟ್ಟುಕೊಂಡು ಇಷ್ಟು ವರ್ಷ ಮುಚ್ಚಿಟ್ಟೆ. ಅವರು ಮನೆಗೆ ಬರುವುದಕ್ಕೇ ಎಳೆದರು, ಅಕ್ಕ.